ಕ್ರೋಶ ಕಡ್ಡಿ ಮೊದಲು, ಸ್ವೆಟರ್ ಕಡ್ಡಿ ಆಮೇಲೆ

ಮೊಮ್ಮಕ್ಕಳಿಗೆ ಹೆಣಿಗೆ ಕಲಿಸಬೇಕೆಂದಿದ್ದರೆ ಕ್ರೋಶದಿಂದಲೇ ಶುರು ಮಾಡಿ. ಕ್ರೋಶದಲ್ಲಿ ಕಡ್ಡಿಯ ಮೇಲಿರುವುದು ಒಂದೇ ಕುಣಿಕೆ. ಅದು ಜಾರಿದರೂ ನಾಲ್ಕು ಹೊಲಿಗೆ ಬಿಚ್ಚಿ ಮತ್ತೆ ಹಿಡಿಯಬಹುದು. ಸ್ವೆಟರ್ ಹೆಣಿಗೆಯಲ್ಲಿ ಸಾಲಿನ ಅಷ್ಟೂ ಕುಣಿಕೆ ಕಡ್ಡಿಯ ಮೇಲೇ ಕೂತಿರುತ್ತವೆ. ತಮ್ಮನೋ ತಂಗಿಯೋ ಬಂದು ಒಂದು ಕಡ್ಡಿ ಎಳೆದರೆ ಮುಗಿಯಿತು, ಆಮೇಲೆ ಆ ಮಗು ಕಡ್ಡಿ ಮುಟ್ಟುವುದಿಲ್ಲ.

ಪೆಟ್ಟಿಗೆಯಲ್ಲಿ ಹಳೆಯ ಕ್ರೋಶ ದಾರ ಉಳಿದಿದೆಯಲ್ಲ ಎಂದು ಅದನ್ನೇ ಕೈಗೆ ಕೊಡಬೇಡಿ. 20ನೇ ನಂಬರಿನ ದಾರ, ಒಂದೂಕಾಲು ಮಿ.ಮೀ. ಉಕ್ಕಿನ ಕಡ್ಡಿ ಪಳಗಿದ ಕೈಗೆ ಸರಿ. ಕಲಿಯುವವರಿಗೆ 4 ಮಿ.ಮೀ. ಕಡ್ಡಿ, ಅದಕ್ಕೆ ಹೊಂದುವ ದಪ್ಪ ಉಲ್ಲನ್ ಕೊಡಿ. ಬಣ್ಣ ತಿಳಿಯಾಗಿರಲಿ. ಕಪ್ಪು, ಕಡುನೀಲಿಯಲ್ಲಿ ಯಾವುದು ಯಾವ ಹೊಲಿಗೆ ಎಂದು ನಮ್ಮ ಕಣ್ಣಿಗೇ ಕಾಣುವುದಿಲ್ಲ, ಇನ್ನು ಮಕ್ಕಳಿಗೆ ಎಲ್ಲಿ ಕಾಣಬೇಕು? ರೋಮ ರೋಮದ ನೂಲು ನೋಡಲು ಚೆಂದ, ಆದರೆ ಬಿಚ್ಚಲು ಬರುವುದಿಲ್ಲ. ಮಂಗಳೂರು, ಕಾರವಾರದ ಸೆಕೆಯಲ್ಲಿ ಬೆವರುವ ಬೆರಳಿಗೆ ದಪ್ಪ ಹತ್ತಿ ನೂಲೇ ಹಿತ.

ಕೂರುವ ಜಾಗಕ್ಕೂ ಲೆಕ್ಕವಿದೆ. ಬಲಗೈ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ನಿಮ್ಮ ಕೈ ಹೇಗೆ ಹೋಗುತ್ತದೋ ಅದರ ಕೈ ಹಾಗೇ ಹೋಗುತ್ತದೆ. ಎಡಗೈ ಮಗು ಎದುರಿಗೆ ಕೂತು ಕನ್ನಡಿ ನೋಡಿದಂತೆ ನೋಡಲಿ. ಎಡಗೈಯನ್ನು ತಿದ್ದಲು ಹೋಗಬೇಡಿ, ಹೆಣಿಗೆಗೆ ಎರಡು ಕೈಯೂ ಒಂದೇ.

ಮೊದಲು ಬರೀ ಚೈನ್, ಅಂದರೆ ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯುತ್ತ ಹೋಗುವ ಸರಪಳಿ. ದಾರ ಕಿರುಬೆರಳಿಗೆ ಒಂದು ಸುತ್ತು ಬಂದು ತೋರುಬೆರಳಿನ ಮೇಲೆ ಹಾಯಲಿ, ಬಿಗಿ ಅಲ್ಲೇ ನಿಲ್ಲುತ್ತದೆ. ಹೊಸಬರ ಚೈನ್ ಯಾವಾಗಲೂ ಬಿಗಿ. ಅದರ ಮೇಲೆ ಸಾಲುಗಳು ಸಡಿಲವಾಗಿ ಬಂದರೆ ತುಂಡು ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿ ಹರಡಿಕೊಳ್ಳುತ್ತದೆ. ಚೈನನ್ನು 5 ಮಿ.ಮೀ. ಕಡ್ಡಿಯಲ್ಲಿ ಹಾಕಿಸಿ, ಸಾಲು ಶುರುವಾದಾಗ 4ಕ್ಕೆ ಇಳಿಯಿರಿ.

ಆಮೇಲೆ ಒಂದು ಚೌಕ. 16 ಚೈನ್ ಹಾಕಿ, ಕಡ್ಡಿಯಿಂದ ಎರಡನೆಯ ಚೈನಿನಿಂದ ಹಿಡಿದು ಪ್ರತಿಯೊಂದರಲ್ಲೂ ಒಂದು ಗಿಡ್ಡ ಹೊಲಿಗೆ (ಕಡ್ಡಿಗೆ ಮೊದಲೇ ದಾರ ಸುತ್ತದೆ ಹಾಕುವುದು) ಹಾಕಿದರೆ 15 ಬರುತ್ತದೆ. ತಿರುಗಿಸುವಾಗ ಒಂದು ಚೈನ್, ಅದು ಲೆಕ್ಕಕ್ಕಿಲ್ಲ. ಪ್ರತಿ ಸಾಲಿನ ಕೊನೆಗೆ ಬಾಯಿಬಿಟ್ಟು ಎಣಿಸಲಿ. ಎಣಿಸದಿದ್ದರೆ ಚೌಕ ಹೋಗಿ ತ್ರಿಕೋನವಾಗುತ್ತದೆ, ಯಾಕೆಂದರೆ ಸಾಲಿನ ತುದಿಯ ಹೊಲಿಗೆ ಮುದುಡಿ ಅಡಗಿಕೊಳ್ಳುತ್ತದೆ, ಮಕ್ಕಳು ಅದನ್ನು ಬಿಟ್ಟೇಬಿಡುತ್ತಾರೆ. ಮೊದಲ ಮತ್ತು ಕೊನೆಯ ಹೊಲಿಗೆಗೆ ಬೇರೆ ಬಣ್ಣದ ದಾರದ ತುಂಡೋ ಸೇಫ್ಟಿ ಪಿನ್ನೋ ಸಿಕ್ಕಿಸಿಡಿ. ಕಡ್ಡಿಗೆ ಒಮ್ಮೆ ದಾರ ಸುತ್ತಿ ಹಾಕುವ ಉದ್ದ ಕಂಬಕ್ಕೆ ಬಂದಾಗ ಲೆಕ್ಕ ಬದಲಾಗುತ್ತದೆ. ಅಲ್ಲಿ ತಿರುಗಿಸುವ ಮೂರು ಚೈನೇ ಒಂದು ಕಂಬ, ಹಾಗಾಗಿ ಮುಂದಿನ ಸಾಲಿನ ಕೊನೆಯ ಕಂಬ ಆ ಚೈನಿನ ನೆತ್ತಿಯ ಮೇಲೆ ಬೀಳಬೇಕು.

ದುಂಡಗಿನ ಕೆಲಸ ಮಕ್ಕಳಿಗೆ ಬಲು ಇಷ್ಟ, ಲೆಕ್ಕವೂ ಸುಲಭ. ಗಿಡ್ಡ ಹೊಲಿಗೆಯಾದರೆ 6ರಿಂದ ಶುರು, ಪ್ರತಿ ಸುತ್ತಿಗೆ 6 ಹೆಚ್ಚು: 12, 18, 24. ಕಂಬವಾದರೆ 12, 24, 36. ಹೆಚ್ಚಿಸಿದ್ದು ಕಡಿಮೆಯಾದರೆ ಬಟ್ಟಲಾಗುತ್ತದೆ, ಜಾಸ್ತಿಯಾದರೆ ಅಂಚು ನೆರಿಗೆ ನೆರಿಗೆಯಾಗಿ ಅಲೆಯುತ್ತದೆ. ಬಟ್ಟಲಾಗುವ ಈ ಗುಣದಿಂದಲೇ ಕುಲಾವಿ ಹುಟ್ಟುವುದು. ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ. ಅಂದರೆ ದುಂಡು 10–11 ಸೆಂ.ಮೀ. ಅಗಲವಾದಾಗ ಹೆಚ್ಚಿಸುವುದನ್ನು ನಿಲ್ಲಿಸಿ, ಅಷ್ಟೇ ಹೊಲಿಗೆಯಲ್ಲಿ ನೇರ ಇಳಿಯುತ್ತ ಹೋಗುವುದು.

ಇಷ್ಟು ಬಂದ ಮೇಲೆ ಎರಡು ಕಡ್ಡಿ. ಅಲ್ಯೂಮಿನಿಯಂ ಕಡ್ಡಿ ಜಾರುತ್ತದೆ, ಬಿದಿರಿನದು ಒಳ್ಳೆಯದು. ಉದ್ದ ಹತ್ತು ಇಂಚು ಸಾಕು. ಇಪ್ಪತ್ತು ಕುಣಿಕೆ ಏರಿಸಿ, ಬರೀ ಸೀದಾ ಹೊಲಿಗೆ. ಇಪ್ಪತ್ತು ಇದ್ದದ್ದು ತಾನಾಗಿ ಇಪ್ಪತ್ತೈದಾದರೆ ಸಾಲು ಶುರು ಮಾಡುವಾಗ ದಾರವನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆಯುತ್ತಿದ್ದಾರೆ ಎಂದರ್ಥ. ಹಾಗೆ ಎಳೆದಾಗ ಮೊದಲ ಕುಣಿಕೆಯ ಎರಡೂ ಕಾಲು ಮೇಲೆ ಬಂದು ಎರಡು ಕುಣಿಕೆಯಂತೆ ಕಾಣುತ್ತದೆ. ದಾರ ಕಡ್ಡಿಯ ಕೆಳಗಿನಿಂದಲೇ ಹಿಂದಕ್ಕೆ ಹೋಗಬೇಕು. ಜಾರಿ ಕೆಳಗಿಳಿದ ಕುಣಿಕೆಯನ್ನು ಕ್ರೋಶ ಕಡ್ಡಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ತರಬಹುದು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹಾಕಿದ ತುಂಡಿನ ಅಂಚು ಸುರುಳಿ ಸುತ್ತುವುದು ಯಾರ ತಪ್ಪೂ ಅಲ್ಲ, ಆ ಹೊಲಿಗೆಯ ಸ್ವಭಾವ. ಎರಡು ಬದಿಗೂ ನಾಲ್ಕು ನಾಲ್ಕು ಕುಣಿಕೆ ಸದಾ ಸೀದಾ ಹಾಕಿದರೆ ಅಂಚು ನಿಲ್ಲುತ್ತದೆ.

ಸ್ವೆಟರಿಗೆ ಇಳಿಯುವ ಮುಂಚೆ ಅಂಗೈಯಗಲದ ಮಾದರಿ ಹೆಣೆದು ಅಳೆಯಿರಿ. 10 ಸೆಂ.ಮೀ.ಗೆ 22 ಕುಣಿಕೆ ಬಂದರೆ 40 ಸೆಂ.ಮೀ. ಅಗಲಕ್ಕೆ 88. ಅದೇ 88ನ್ನು 10 ಸೆಂ.ಮೀ.ಗೆ 20 ಬರುವ ಸಡಿಲ ಕೈಯವರು ಹೆಣೆದರೆ 44 ಸೆಂ.ಮೀ. ಆಗುತ್ತದೆ. ಮುಂಭಾಗ ಹಿಂಭಾಗ ಸೇರಿ 8 ಸೆಂ.ಮೀ. ಜಾಸ್ತಿ, ಅಪ್ಪನ ಸ್ವೆಟರ್ ಮಗ ಹಾಕಿಕೊಂಡ ಹಾಗೆ! ಉಲ್ಲನ್ ಕೊಳ್ಳುವಾಗ ಎಲ್ಲ ಉಂಡೆಗಳ ಚೀಟಿಯ ಮೇಲೂ ಒಂದೇ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ್ದರ ಗುರುತು) ಇದೆಯೇ ನೋಡಿ, ಇಲ್ಲದಿದ್ದರೆ ಎದೆಯ ನಡುವೆ ಬಣ್ಣ ಬದಲಾಗಿರುವುದು ಹೆಣೆದು ಮುಗಿದ ಮೇಲೆ ಕಾಣುತ್ತದೆ.

ಮೊಮ್ಮಗಳು ಅಮೆರಿಕದಲ್ಲಿದ್ದು ಫೋನಿನಲ್ಲಿ ಕಲಿಸುವವರು ಒಂದು ಎಚ್ಚರ ಇಟ್ಟುಕೊಳ್ಳಿ. ನಮ್ಮ ಹಳೆಯ ಪುಸ್ತಕಗಳು ಬ್ರಿಟನ್ನಿನ ಲೆಕ್ಕ ಹಿಡಿದವು. ಅಮೆರಿಕದವರು ಡಬಲ್ ಕ್ರೋಶೆ ಎಂದರೆ ನಮ್ಮ ಪುಸ್ತಕದ ಟ್ರೆಬಲ್, ಅಂದರೆ ಮೇಲೆ ಹೇಳಿದ ಉದ್ದ ಕಂಬ. ನಮ್ಮ 8ನೇ ನಂಬರ್ ಕಡ್ಡಿ 4 ಮಿ.ಮೀ., ಅಲ್ಲಿ ಅದೇ 6. ನಮ್ಮಲ್ಲಿ ನಂಬರ್ ಏರಿದರೆ ಕಡ್ಡಿ ತೆಳ್ಳಗೆ, ಅಲ್ಲಿ ದಪ್ಪ. ಮಿಲಿಮೀಟರಿನಲ್ಲೇ ಮಾತಾಡಿ.

ಕೈಗೆ ಗೊತ್ತಿರುವ ಡಿಸೈನನ್ನು ಬಾಯಲ್ಲಿ ಹೇಳಿದರೆ ಉಳಿಯುವುದಿಲ್ಲ. ಪ್ರತಿ ಡಿಸೈನಿನ ಒಂದು ಚಿಕ್ಕ ತುಂಡು ಹೆಣೆದು, ಗಟ್ಟಿ ಹಾಳೆಯ ನೋಟ್‌ಬುಕ್ಕಿಗೆ ನಾಲ್ಕು ಮೂಲೆಯಲ್ಲಿ ಟಾಕಾ ಹಾಕಿ ಹೊಲಿಯಿರಿ. ಅಂಟು ಹಾಕಬೇಡಿ, ನೂಲು ಹಳದಿಯಾಗುತ್ತದೆ. ಪಕ್ಕದಲ್ಲಿ ಕಡ್ಡಿಯ ಅಳತೆ, ದಾರ, ಎಷ್ಟರ ಗುಣಕದಲ್ಲಿ ಕುಣಿಕೆ ಏರಿಸಬೇಕು, ಒಂದೊಂದು ಸಾಲು ಹೇಗೆ ಎಂದು ಬರೆಯಿರಿ. ಬರೆದದ್ದನ್ನು ನೋಡಿ ಮಗಳೋ ಸೊಸೆಯೋ ನಿಮ್ಮನ್ನು ಕೇಳದೆ ಹೆಣೆದು ತೋರಿಸಲಿ. ಅವರು ತಡೆದು ನಿಂತ ಕಡೆ ನೀವು ಏನನ್ನೋ ಬರೆಯದೆ ಬಿಟ್ಟಿದ್ದೀರಿ.

ಹಳೆಯ ಕ್ರೋಶ ಟೇಬಲ್ ಕ್ಲಾತು, ಬಾಗಿಲ ತೋರಣಗಳಿಗೆ ಗಂಜಿ ಹಾಕಿ ಮಡಿಸಿಡಬೇಡಿ. ಗಂಜಿಗೆ ಜಿರಲೆ, ಬೆಳ್ಳಿಹುಳ ಬರುತ್ತವೆ, ಮಡಿಕೆಯಲ್ಲಿ ದಾರ ಮುರಿಯುತ್ತದೆ. ಗಂಜಿ ಬಿಡುವಂತೆ ಒಗೆದು, ಪೂರ್ತಿ ಒಣಗಿಸಿ, ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ವರ್ಷಕ್ಕೊಮ್ಮೆ ತೆಗೆದು ಮಡಿಕೆ ಬದಲಿಸಿ. ಉಲ್ಲನ್ನಿನವನ್ನು ತಣ್ಣೀರಲ್ಲಿ ಅದ್ದಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹಾಸಿ ಒಣಗಿಸಿ. ತೂಗುಹಾಕಿದರೆ ನೀರಿನ ಭಾರಕ್ಕೆ ಜಗ್ಗುತ್ತದೆ. ಮುಂದಿನ ಕೂಸಿಗೆಂದು ಎತ್ತಿಡುವ ಕುಲಾವಿ, ಸ್ವೆಟರಿನ ಜೊತೆ ನುಸಿಗುಳಿಗೆ ಖಂಡಿತ ಬೇಡ. ಅದರ ಆವಿ ಬಟ್ಟೆಯಲ್ಲಿ ಉಳಿದು, ಕೆಲವು ಎಳೆಕೂಸುಗಳಲ್ಲಿ ರಕ್ತದ ಕೆಂಪು ಕಣಗಳನ್ನೇ ಒಡೆದು ಕಾಮಾಲೆ ತರಬಲ್ಲದು. ಒಣಗಿಸಿದ ಬೇವಿನೆಲೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಇಡಿ, ಮಗುವಿಗೆ ತೊಡಿಸುವ ಮುಂಚೆ ಇನ್ನೊಮ್ಮೆ ಒಗೆಯಿರಿ.