ಆವರ್ತಕ ಕೋಷ್ಟಕಕ್ಕೆ ಬಣ್ಣ: ಮೊದಲು ಅಕ್ಷರ, ಆಮೇಲೆ ಪೆನ್ಸಿಲ್

ಹೋದ ಜುಲೈನ ಒಂದು ರಾತ್ರಿ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಜಡಿಮಳೆ. "ಅಪ್ಪಾ, ಪೀರಿಯಾಡಿಕ್ ಟೇಬಲ್ ಚಾರ್ಟ್ ನಾಳೆನೇ ಕೊಡಬೇಕು" ಅಂದಳು ಮಗಳು. ಸ್ಕೆಚ್ ಪೆನ್ನಿನಲ್ಲಿ ಬಣ್ಣ ತುಂಬಿ, ಅದರ ಮೇಲೆ ಅಕ್ಷರ ಬರೆದೆವು. ಕಾಗದ ಮೊದಲೇ ತೇವ ಕುಡಿದಿತ್ತು. ಮಸಿ ಹರಡಿ, ಕಬ್ಬಿಣ ಯಾವುದು ಕೋಬಾಲ್ಟ್ ಯಾವುದು ಗೊತ್ತಾಗಲಿಲ್ಲ. ಎರಡನೇ ಸಲ ಹೀಗೆ ಮಾಡಿದೆವು.

ದೊಡ್ಡ ಚಾರ್ಟ್ ಪೇಪರನ್ನು ಅಡ್ಡ ಇಟ್ಟುಕೊಳ್ಳಿ. ಮನೆಗಳ ಅಗಲ ಮೂರೂವರೆ ಸೆಂ.ಮೀ., ಎತ್ತರ 4 ಸೆಂ.ಮೀ. ಇರಲಿ. 18 ಕಂಬಸಾಲು, 7 ಅಡ್ಡಸಾಲು. ಕೆಳಗೆ ಸ್ವಲ್ಪ ಜಾಗ ಬಿಟ್ಟು ಇನ್ನೆರಡು ಸಾಲು: ಲ್ಯಾಂಥನೈಡ್, ಆಕ್ಟಿನೈಡ್ ಎಂಬ ಧಾತುಗಳ ಬಳಗಗಳಿಗೆ. ಧಾತುವಿಗೊಂದರಂತೆ ಒಟ್ಟು 118 ಮನೆ ತುಂಬಬೇಕು. ಗೆರೆಯೆಲ್ಲ ತೆಳು ಪೆನ್ಸಿಲ್ಲಿನಲ್ಲೇ.

ಈಗ ಬರವಣಿಗೆ. ಮೇಲಿನ ಮೂಲೆಯಲ್ಲಿ ಪರಮಾಣು ಸಂಖ್ಯೆ, ನಡುವೆ ದಪ್ಪಗೆ ಸಂಕೇತ, ಕೆಳಗೆ ಹೆಸರು. ಸಂಕೇತದ ಮೊದಲ ಅಕ್ಷರ ಮಾತ್ರ ದೊಡ್ಡದು. ಇದು ಸುಮ್ನೆ ಅಂದಕ್ಕಲ್ಲ. ಸಿ ದೊಡ್ಡದು, ಓ ಸಣ್ಣದು ಇದ್ದರೆ ಕೋಬಾಲ್ಟ್. ಎರಡನ್ನೂ ದೊಡ್ಡದಾಗಿ ಬರೆದರೆ ಕಾರ್ಬನ್ ಮೊನಾಕ್ಸೈಡ್, ಅಂದರೆ ವಿಷಗಾಳಿ! ಮಗಳಿಗೆ ತಕರಾರಿದ್ದದ್ದು ಕಬ್ಬಿಣದ ಮೇಲೆ. ಹೊರಗೆ ಮರಾಠಿಯಲ್ಲಿ ಲೋಖಂಡ್, ಮನೆಯಲ್ಲಿ ಕಬ್ಬಿಣ, ಚಾರ್ಟಿನಲ್ಲಿ ಎಫ್‌ಇ ಯಾಕೆ? ಲ್ಯಾಟಿನ್ನಿನಲ್ಲಿ ಅದು ಫೆರಮ್, ಅದಕ್ಕೆ.

ಸಂಕೇತದ ಮಸಿಗೂ ಕೆಲಸ ಕೊಡಿ. ಕೋಣೆಯ ತಾಪದಲ್ಲಿ ಗಟ್ಟಿಯಾದದ್ದಕ್ಕೆ ಕಪ್ಪು, ದ್ರವಕ್ಕೆ ನೀಲಿ, ಅನಿಲಕ್ಕೆ ಕೆಂಪು. ನೀಲಿ ಎರಡಕ್ಕೇ ಸಾಕು: ಪಾದರಸ, ಬ್ರೋಮಿನ್. ಕೆಂಪು ಹನ್ನೊಂದಕ್ಕೆ. ಏಳನೇ ಅಡ್ಡಸಾಲಿನ ಕೊನೆಯ ಕೃತಕ ಧಾತುಗಳು ಗಟ್ಟಿಯೋ ದ್ರವವೋ ಅನಿಲವೋ ಖಚಿತವಿಲ್ಲ, ಅದಕ್ಕೆ ಅವುಗಳ ಸಂಕೇತವನ್ನು ಬೂದು ಮಸಿಯಲ್ಲಿ ಬರೆದೆವು.

ಹಿನ್ನೆಲೆಯ ಬಣ್ಣ ಒಂದೇ ಪ್ರಶ್ನೆಗೆ ಉತ್ತರ ಹೇಳಬೇಕು: ಇದು ಯಾವ ಬಳಗದ್ದು? ಕ್ಷಾರ ಲೋಹ, ಹ್ಯಾಲೊಜನ್, ಜಡಾನಿಲ ಹೀಗೆ ಹತ್ತು ಬಳಗ. ಹನ್ನೆರಡು ಬಣ್ಣದ ಪೆನ್ಸಿಲ್ಲಿನ ಡಬ್ಬಿ ಸಾಕು. ಯಾವ ಬಳಗಕ್ಕೆ ಯಾವ ಬಣ್ಣ ಎಂಬ ನಿಯಮವೇನೂ ಇಲ್ಲ. ಆದರೆ ಪಕ್ಕಪಕ್ಕದ ಬಳಗಗಳಿಗೆ ಕೆಂಪು-ಹಸಿರು ಬೇಡ, ಕೆಲವರ ಕಣ್ಣಿಗೆ ಅವೆರಡೂ ಒಂದೇ.

ಎಡವುವುದು ಜಲಜನಕದಲ್ಲಿ. ಮೊದಲ ಕಂಬಸಾಲಿನಲ್ಲಿ ಕೂತಿದೆ ಅಂತ ಸೋಡಿಯಂನಂಥ ಕ್ಷಾರ ಲೋಹದ ಬಣ್ಣ ಬಳಿದುಬಿಡುತ್ತೇವೆ. ಅದು ಲೋಹವಲ್ಲ, ಅಲೋಹದ ಬಣ್ಣವೇ ಸರಿ. ಸತುವನ್ನು ಯಾವ ಬಳಗಕ್ಕೆ ಸೇರಿಸಬೇಕು ಎಂಬುದರಲ್ಲಿ ಪುಸ್ತಕಗಳೇ ಒಪ್ಪುವುದಿಲ್ಲ. ಅಂಕ ಕೊಡುವವರ ಪಾಠಪುಸ್ತಕದಲ್ಲಿ ಇದ್ದಂತೆ ಮಾಡಿ.

ಬಣ್ಣಗಳ ಸೂಚಿಗೆ ಬೇರೆ ಕಾಗದ ಅಂಟಿಸಬೇಡಿ. 3ರಿಂದ 12ರವರೆಗಿನ ಕಂಬಸಾಲುಗಳ ಮೇಲೆ ಮೂರು ಸಾಲಿನಷ್ಟು ಖಾಲಿ ಇದೆಯಲ್ಲ, ಅಲ್ಲೇ ಬರೆಯಿರಿ. ಈ ಕೋಷ್ಟಕ ರೂಪಿಸಿದ ರಷ್ಯನ್ ವಿಜ್ಞಾನಿ ಮೆಂಡಲೀವ್ 1869ರಲ್ಲಿ ಬಿಟ್ಟ ಖಾಲಿ ಮನೆಗಳು ಬೇರೆ ಥರದವು. ಆಗಿನ್ನೂ ಸಿಕ್ಕಿರದ ಧಾತುಗಳಿಗೆ ಕಾಯ್ದಿಟ್ಟ ಜಾಗ ಅದು. 1875ರಲ್ಲಿ ಗ್ಯಾಲಿಯಂ ಸಿಕ್ಕಿ ಒಂದು ತುಂಬಿತು.

ಸುತ್ತುವಾಗ ಬಣ್ಣದ ಮುಖ ಒಳಗಿರಲಿ, ಹೊರಗೆ ಪ್ಲಾಸ್ಟಿಕ್. ರಿಕ್ಷಾದಲ್ಲಿ ಹೋಗುವವರು ಚಾರ್ಟನ್ನು ನಡುವೆ ಹಿಡಿದು ಕೂರಿ. ಎರಡೂ ಪಕ್ಕದಿಂದ ನೀರು ಹೊಡೆಯುತ್ತದೆ.