ಬೆಲೆಬಾಳುವ ವಸ್ತುವನ್ನು ಅಂಚೆಯಲ್ಲಿ ವಿದೇಶಕ್ಕೆ ಕಳುಹಿಸುವ ಮುನ್ನ

ಹೊರದೇಶದಲ್ಲಿರುವ ಮಗಳಿಗೆ ಕಳುಹಿಸಿದ ಬೆಳ್ಳಿಯ ಕುಂಕುಮ ಭರಣಿ ದಾರಿಯಲ್ಲಿ ಕಾಣೆಯಾದರೆ ಎಷ್ಟು ಪರಿಹಾರ ಸಿಗಬಹುದೆಂಬುದು, ಬಹುಮಟ್ಟಿಗೆ, ಅಂಚೆ ಕಚೇರಿಯ ಕೌಂಟರಿನಲ್ಲಿ ನೀವು ಯಾವ ಸೇವೆಯನ್ನು ಆರಿಸಿಕೊಂಡಿರಿ ಎಂಬುದರಿಂದ ಮೊದಲೇ ನಿಶ್ಚಯವಾಗಿರುತ್ತದೆ.

ಇದಕ್ಕೆ ಆಧಾರ ವಿಶ್ವ ಅಂಚೆ ಒಕ್ಕೂಟದ ಒಪ್ಪಂದ. 1874ರಲ್ಲಿ ಬರ್ನ್ ನಗರದಲ್ಲಿ ಹುಟ್ಟಿದ ಈ ಒಕ್ಕೂಟವನ್ನು ಭಾರತ 1876ರಲ್ಲಿ ಸೇರಿತು. ಸಾಧಾರಣ ಪತ್ರ ಕಳೆದುಹೋದರೆ ಪರಿಹಾರವಿಲ್ಲ. ರಿಜಿಸ್ಟರ್ಡ್ ಪತ್ರಕ್ಕೆ ಬಹುಕಾಲದಿಂದ ಇರುವ ಮಿತಿ 30 ಎಸ್‌ಡಿಆರ್. ಪಾರ್ಸಲ್‌ಗೆ 40 ಎಸ್‌ಡಿಆರ್ ಜೊತೆಗೆ ಪ್ರತಿ ಕಿಲೋಗೆ 4.50. ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಇತ್ತೀಚಿನ ವರ್ಷಗಳಲ್ಲಿ ಒಂದರ ಬೆಲೆ ಸುಮಾರು 1.3ರಿಂದ 1.4 ಅಮೆರಿಕನ್ ಡಾಲರ್. ಹೀಗಾಗಿ 2 ಕಿಲೋ ತೂಕದ ಪಾರ್ಸಲ್ ಕಳೆದರೆ ಹೆಚ್ಚೆಂದರೆ 49 ಎಸ್‌ಡಿಆರ್, ಅಂದರೆ 65 ಡಾಲರಿನ ಆಸುಪಾಸು. ಒಳಗೆ ಲಕ್ಷ ರೂಪಾಯಿಯ ರೇಷ್ಮೆ ಸೀರೆಯಿದ್ದರೂ ಲೆಕ್ಕ ಇದೇ.

ಆದ್ದರಿಂದ ವಿಮೆ ಮಾಡಿಸುವುದೇ ದಾರಿ. ಆ ದೇಶಕ್ಕೆ ವಿಮಾ ಸೇವೆ ಇದೆಯೇ, ಅದರ ಗರಿಷ್ಠ ಮೊತ್ತವೆಷ್ಟು ಎಂದು ಕೌಂಟರಿನಲ್ಲೇ ಕೇಳಿ. ಚಿನ್ನ, ಬೆಳ್ಳಿ, ರತ್ನ, ನೋಟು, ನಾಣ್ಯಗಳನ್ನು ಸಾಧಾರಣ ಪತ್ರದಲ್ಲಿ ಇಡುವುದು ನಿಷಿದ್ಧ; ಎರಡೂ ದೇಶಗಳಲ್ಲಿ ವಿಮಾ ಸೇವೆ ಇರುವಾಗ ವಿಮೆಯಿಲ್ಲದ ಪಾರ್ಸಲ್‌ನಲ್ಲೂ ಇಡುವಂತಿಲ್ಲ. ಅಂಥದನ್ನು ಅಲ್ಲಿನ ಅಧಿಕಾರಿಗಳು ವಶಪಡಿಸಿಕೊಂಡರೆ ಅಂಚೆಯವರ ಹೊಣೆ ಮುಗಿಯಿತು.

ವಿಮೆಗೆ ಬೆಲೆ ನಮೂದಿಸುವಾಗ ನಿಜಬೆಲೆಗಿಂತ ಕಡಿಮೆ ಬರೆಯಬಹುದು. ಆಗ ಪರಿಹಾರವೂ ಅಷ್ಟಕ್ಕೇ ಸೀಮಿತ. ವಂಚನೆಯ ಉದ್ದೇಶದಿಂದ ಹೆಚ್ಚು ಬರೆದರೆ ಏನೂ ಸಿಗದು. ಪರಿಹಾರವನ್ನು, ವಸ್ತುವನ್ನು ಅಂಚೆಗೆ ಒಪ್ಪಿಸಿದ ಸ್ಥಳದಲ್ಲಿ ಆ ಹೊತ್ತಿಗಿದ್ದ ಬೆಲೆಯಂತೆ ಎಣಿಸಲಾಗುತ್ತದೆ; ಹಾಗಾಗಿ ಅಂಗಡಿಯ ಬಿಲ್ ಜೋಪಾನವಾಗಿರಲಿ. ಸುಂಕ ಉಳಿಸಲೆಂದು ಕಸ್ಟಮ್ಸ್ ಚೀಟಿಯಲ್ಲಿ ‘ಉಡುಗೊರೆ, 500 ರೂಪಾಯಿ’ ಎಂದು ಬರೆಯುವ ಜಾಣತನ ನಮ್ಮಲ್ಲಿ ಕಡಿಮೆಯಿಲ್ಲ. ನಾಳೆ 50,000 ಕೇಳಹೊರಟಾಗ ನಿಮಗೆ ಎದುರಾಗಿ ನಿಲ್ಲುವುದು ಅದೇ ಚೀಟಿ.

ಪಾರ್ಸಲ್ ಕಟ್ಟುವ ಮೊದಲು ವಸ್ತುವಿನ ಫೋಟೋ ತೆಗೆದು, ರಸೀದಿಯಲ್ಲಿನ ತೂಕವನ್ನು ಗಮನಿಸಿ, 13 ಅಕ್ಷರ-ಅಂಕಿಗಳ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಭಾರತದಿಂದ ಹೋದ ಅಂಚೆಗೆ ಅದರ ಕೊನೆಯಲ್ಲಿ ‘ಐಎನ್’ ಎಂದಿರುತ್ತದೆ.

ತಲುಪುವ ಕಡೆಯಲ್ಲೂ ಎಚ್ಚರ ಬೇಕು. ಪೆಟ್ಟಿಗೆ ಒಡೆದಿದ್ದರೆ ಅಥವಾ ತೂಕ ಕಡಿಮೆ ಎನಿಸಿದರೆ, ಪಡೆಯುವವರು ಸುಮ್ಮನೆ ಸಹಿ ಹಾಕದೆ, ಅಲ್ಲೇ ತಕರಾರು ದಾಖಲಿಸಬೇಕು. ಯಾವ ಆಕ್ಷೇಪವೂ ಇಲ್ಲದೆ ಬಟವಾಡೆಯಾದ ವಸ್ತುವಿನ ಮೇಲೆ ಆಮೇಲೆ ಹಕ್ಕು ಸಾಧಿಸುವುದು ಕಷ್ಟ.

ಕಾಣೆಯಾದರೆ, ಕಳುಹಿಸಿದ ಮರುದಿನದಿಂದ ಆರು ತಿಂಗಳೊಳಗೆ ವಿಚಾರಣೆಯ ಅರ್ಜಿ ಕೊಡಬೇಕು. ಈ ಅವಧಿ ಮೀರಿದರೆ ಹೊಣೆಯೇ ಇಲ್ಲ. ಸಾಮಾನ್ಯವಾಗಿ ಪರಿಹಾರದ ಹಕ್ಕು ಕಳುಹಿಸಿದವರದು, ಆದ್ದರಿಂದ ಅರ್ಜಿಯನ್ನು ಇಲ್ಲಿಂದಲೇ ಸಲ್ಲಿಸುವುದು ಒಳ್ಳೆಯದು. ವಸ್ತು ಕಳೆದದ್ದು ಖಚಿತವಾದರೆ ಅಂಚೆ ವೆಚ್ಚವೂ ಮರಳುತ್ತದೆ, ವಿಮಾ ಶುಲ್ಕ ಮಾತ್ರ ಮರಳದು. ಅಜ್ಜಿಯ ಕಾಲದ ಭರಣಿಯೆಂಬ ನೋವಿಗೆ, ತಪ್ಪಿದ ಲಾಭಕ್ಕೆ ಈ ಒಪ್ಪಂದದಲ್ಲಿ ಬೆಲೆಯಿಲ್ಲ.