ಕಾನು, ಸೊಪ್ಪಿನಬೆಟ್ಟ, ಅಕೇಶಿಯಾ ತೋಪು: ನಮ್ಮ ಬಳಕೆಯಿಂದ ಸಸ್ಯವೈವಿಧ್ಯ ಎಷ್ಟು ಬದಲಾಗಿದೆ ಎಂದು ಅಳೆಯುವ ಕ್ರಮ

ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಎಷ್ಟೋ ಊರುಗಳ ಸುತ್ತ ನಡೆದುಹೋಗುವಷ್ಟು ದೂರದಲ್ಲೇ ಕಾನು, ಸೊಪ್ಪಿನಬೆಟ್ಟ, ಬೇಣ (ಹುಲ್ಲುಗಾವಲು), ಅಕೇಶಿಯಾ ನೆಡುತೋಪು ಎಲ್ಲವೂ ಸಿಗುತ್ತವೆ. ಬೀಳುವ ಮಳೆ ಒಂದೇ, ಮಣ್ಣೂ ಹೆಚ್ಚುಕಡಿಮೆ ಒಂದೇ. ಮುಖ್ಯವಾಗಿ ಬೇರೆಯಾಗಿರುವುದು ಮನುಷ್ಯರು ಆ ನೆಲವನ್ನು ಬಳಸಿದ ರೀತಿ. ಆದ್ದರಿಂದ ಮನುಷ್ಯನ ಚಟುವಟಿಕೆಯಿಂದ ಸಹಜ ಸಸ್ಯವರ್ಗ ಹೇಗೆ ಬದಲಾಗುತ್ತದೆ ಎಂದು ಕಣ್ಣಾರೆ ಕಂಡು ಅಳೆಯಲು ಇದಕ್ಕಿಂತ ಅನುಕೂಲವಾದ ಸೀಮೆ ಸಿಗುವುದು ಕಷ್ಟ. ಅಧ್ಯಾಪಕರು, ವಿದ್ಯಾರ್ಥಿಗಳು, ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯವರು ತಾವೇ ಮಾಡಬಹುದಾದ ಕ್ರಮವೊಂದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಜಾಗಗಳ ಆಯ್ಕೆ. ಸೊಪ್ಪಿನಬೆಟ್ಟವೆಂದರೆ ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ಒದಗಿಸಲೆಂದು ಬ್ರಿಟಿಷರ ಕಾಲದಿಂದ ತೋಟಿಗರಿಗೆ ಹಕ್ಕಿನ ಮೇಲೆ ಬಿಟ್ಟಿರುವ ಕಾಡು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಕೊಟ್ಟ ಪದ್ಧತಿ ಇಲ್ಲಿತ್ತು. ಕಾನು ಇದಕ್ಕೆ ತೀರ ಬೇರೆ: ದೇವರ ಹೆಸರಿನಲ್ಲಿ ಕೊಡಲಿ ತಾಗದೆ ಉಳಿದು ಬಂದ ನಿತ್ಯಹರಿದ್ವರ್ಣದ ತುಣುಕು. ಕಾನನ್ನು ಅಳತೆಗೋಲಾಗಿ ಇಟ್ಟುಕೊಂಡು, ಒಂದು ಸೊಪ್ಪಿನಬೆಟ್ಟವನ್ನೂ ಒಂದು ನೆಡುತೋಪನ್ನೂ ಅದರೊಂದಿಗೆ ಹೋಲಿಸಬೇಕು. ಇಲ್ಲಿ ಒಂದು ಎಚ್ಚರ ಅಗತ್ಯ. ಕಾನುಗಳು ಹೆಚ್ಚಾಗಿ ಹಳ್ಳದ ಬದಿಯಲ್ಲಿ, ತಂಪು ಕಣಿವೆಗಳಲ್ಲಿ ಉಳಿದಿರುತ್ತವೆ. ಹಳ್ಳದ ದಡದ ಕಾನನ್ನು ಗುಡ್ಡದ ನೆತ್ತಿಯ ಸೊಪ್ಪಿನಬೆಟ್ಟದೊಂದಿಗೆ ಹೋಲಿಸಿದರೆ ನೀವು ಅಳೆದದ್ದು ನೀರಿನ ವ್ಯತ್ಯಾಸವನ್ನೇ ಹೊರತು ಮನುಷ್ಯರ ಪ್ರಭಾವವನ್ನಲ್ಲ. ಇಳಿಜಾರು, ಎತ್ತರ, ನೀರಿನಿಂದ ಇರುವ ದೂರ ಇವು ಸಮನಾಗಿರುವ ಜಾಗಗಳನ್ನೇ ಆರಿಸಿಕೊಳ್ಳಿ. ಮೀಸಲು ಅರಣ್ಯಕ್ಕೆ ಹೋಗುವುದಾದರೆ ಇಲಾಖೆಯ ಅನುಮತಿಯನ್ನೂ, ಸೊಪ್ಪಿನಬೆಟ್ಟಕ್ಕೆ ಹಕ್ಕುದಾರರ ಒಪ್ಪಿಗೆಯನ್ನೂ ಮೊದಲೇ ಪಡೆಯಬೇಕು.

ಪ್ರತಿ ಜಾಗದಲ್ಲಿ 180 ಮೀಟರ್ ಉದ್ದದ ಒಂದು ನೇರ ಗೆರೆಯನ್ನು ಹಗ್ಗದಿಂದ ಗುರುತಿಸಿ, ಅದರ ಎಡಕ್ಕೊಮ್ಮೆ ಬಲಕ್ಕೊಮ್ಮೆ, ನಡುವೆ 20 ಮೀಟರ್ ಬಿಟ್ಟು, 20 ಮೀಟರ್ ಉದ್ದಗಲದ ಐದು ಚೌಕಗಳನ್ನು ಹಾಕಬೇಕು. ಇವುಗಳಲ್ಲಿ 30 ಸೆಂಟಿಮೀಟರ್ ಸುತ್ತಳತೆ ದಾಟಿದ ಪ್ರತಿಯೊಂದು ಮರದ ಹೆಸರನ್ನೂ ಸುತ್ತಳತೆಯನ್ನೂ ಬರೆದುಕೊಳ್ಳಿ. ಅಳತೆಯನ್ನು ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಇಳಿಜಾರಾದರೆ ಮರದ ಮೇಲ್ಬದಿಯಲ್ಲಿ ನಿಂತು ತೆಗೆಯಬೇಕು. ಪ್ರತಿ ಚೌಕದೊಳಗೆ ಐದು ಮೀಟರ್ ಉದ್ದಗಲದ ಎರಡು ಚಿಕ್ಕ ಚೌಕಗಳಲ್ಲಿ ಪೊದೆಗಳನ್ನೂ ಎಳೆಯ ಮರಗಳನ್ನೂ, ಒಂದು ಮೀಟರ್ ಉದ್ದಗಲದ ಎರಡು ಚೌಕಗಳಲ್ಲಿ ಹುಲ್ಲು, ಸಣ್ಣ ಗಿಡ, ಮೊಳಕೆಗಳನ್ನೂ ಎಣಿಸಬೇಕು. ಮಳೆಗಾಲ ಮುಗಿದ ಮೇಲೆ, ಬೇಣದ ಹುಲ್ಲು ಕೊಯ್ಯುವ ಮೊದಲು ಈ ಕೆಲಸ ಮಾಡಿದರೆ ನೆಲದ ಗಿಡಗಳು ತಪ್ಪಿಹೋಗುವುದಿಲ್ಲ. ಊರಿನಲ್ಲಿ ಮರದ ಕೆತ್ತೆ ನೋಡಿ ಹೆಸರು ಹೇಳುವ ಹಿರಿಯರು ಒಬ್ಬರಾದರೂ ಜೊತೆಗಿರಲಿ. ಅವರು ಹೇಳಿದ ಸ್ಥಳೀಯ ಹೆಸರನ್ನು ಹಾಗೆಯೇ ಬರೆದುಕೊಂಡು, ಎಲೆ ಮತ್ತು ಹೂವಿನ ಚಿತ್ರ ತೆಗೆದಿಟ್ಟು, ಶಾಸ್ತ್ರೀಯ ಹೆಸರನ್ನು ಆಮೇಲೆ ಸಸ್ಯಶಾಸ್ತ್ರ ಬಲ್ಲವರಿಂದ ಖಚಿತಪಡಿಸಿಕೊಳ್ಳಬಹುದು.

ಮರಗಳ ಪಟ್ಟಿಯ ಪಕ್ಕದಲ್ಲೇ ಬಳಕೆಯ ಗುರುತುಗಳ ಪಟ್ಟಿಯೂ ಇರಬೇಕು: ಕಡಿದ ಕುತ್ತಿಗಳು, ಸುಟ್ಟ ತೊಗಟೆ, ಸಗಣಿ, ಕಾಲುದಾರಿ, ಗುಡಿಸಿದ ನೆಲ. ಸೊಪ್ಪಿನಬೆಟ್ಟದ ಮತ್ತಿ ಮರವೊಂದನ್ನು ಹತ್ತಿರದಿಂದ ನೋಡಿ. ಅದಕ್ಕೆ ಹರಡಿದ ತಲೆಯಿರುವುದಿಲ್ಲ. ಬುಡದಿಂದ ತುದಿಯವರೆಗೆ ಕೊಂಬೆ ಕಡಿದ ಜಾಗದಲ್ಲೆಲ್ಲ ಗಂಟುಗಳು ಉಬ್ಬಿರುತ್ತವೆ, ಒಂದೊಂದು ಗಂಟಿನಿಂದಲೂ ಬೆರಳು ದಪ್ಪದ ಚಿಗುರುಗಳು ಗುಂಪಾಗಿ ಎದ್ದಿರುತ್ತವೆ. ಪದೇ ಪದೇ ಸೊಪ್ಪು ಕಡಿಸಿಕೊಳ್ಳುವ ಮರ ಬದುಕಿರುತ್ತದೆ, ಆದರೆ ಹೂಬಿಟ್ಟು ಬೀಜ ಕಟ್ಟುವುದು ಕಡಿಮೆಯಾಗುತ್ತದೆ. ಅಂಥ ಮರಗಳು ಎಷ್ಟು ಎಂಬುದನ್ನು ಪ್ರತ್ಯೇಕವಾಗಿ ಬರೆದುಕೊಳ್ಳಲೇಬೇಕು, ಏಕೆಂದರೆ ಬರಿಯ ಎಣಿಕೆಯಲ್ಲಿ ಗಂಟುಗಂಟಾದ ಮತ್ತಿಯೂ ಬೀಜ ಕಟ್ಟುವ ಮತ್ತಿಯೂ ಒಂದೇ ಆಗಿಬಿಡುತ್ತವೆ.

ಇನ್ನು ಲೆಕ್ಕ. ವೈವಿಧ್ಯವನ್ನು ಜಾತಿಗಳ ಸಂಖ್ಯೆಯೊಂದರಿಂದಲೇ ಅಳೆಯಲಾಗದು. ಎರಡು ಜಾಗಗಳಲ್ಲೂ ಐದು ಜಾತಿಯ ನೂರು ಮರಗಳಿವೆ ಎಂದಿಟ್ಟುಕೊಳ್ಳಿ. ಒಂದರಲ್ಲಿ ಪ್ರತಿ ಜಾತಿಗೆ 20 ಮರ, ಇನ್ನೊಂದರಲ್ಲಿ ಒಂದೇ ಜಾತಿಯ 80 ಮರ, ಉಳಿದ ನಾಲ್ಕಕ್ಕೆ ಐದೈದು. ಪ್ರತಿ ಜಾತಿಯ ಪಾಲನ್ನು ಅದರ ಸ್ವಾಭಾವಿಕ ಲಾಗರಿದಮ್ಮಿನಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಋಣ ಚಿಹ್ನೆ ತೆಗೆದರೆ ಬರುವ ಶ್ಯಾನನ್ ಸೂಚ್ಯಂಕವು ಮೊದಲನೆಯದಕ್ಕೆ 1.61, ಎರಡನೆಯದಕ್ಕೆ 0.78 ಆಗುತ್ತದೆ. ನೆಡುತೋಪಿನ ಏಕಸ್ವಾಮ್ಯ ಈ ಅಂಕಿಯಲ್ಲಿ ಕೂಡಲೇ ಕಾಣುತ್ತದೆ.

ಆದರೂ ಈ ಸೂಚ್ಯಂಕವನ್ನು ಅತಿಯಾಗಿ ನಂಬಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸ್ವಲ್ಪ ಕಡಿದು ಬಿಸಿಲು ಬಿದ್ದ ಕಾಡಿನಲ್ಲಿ ಜಾತಿಗಳ ಸಂಖ್ಯೆ ಕಾನಿಗಿಂತ ಹೆಚ್ಚಾಗಿಯೂ ಬರಬಹುದು. ಮತ್ತಿ, ಕಿಂಡಲ, ನೆಲ್ಲಿ, ಕೌಲು ಮುಂತಾದ ಎಲೆಯುದುರುವ ಮರಗಳ ಜೊತೆಗೆ ಅಮೆರಿಕ ಖಂಡದಿಂದ ಬಂದ ಲಂಟಾನ, ಯುಪಟೋರಿಯಂಗಳೂ ಸೇರಿ ಪಟ್ಟಿ ಉದ್ದವಾಗುತ್ತದೆ. ಕಾನಿನ ನೆರಳನ್ನೇ ನಂಬಿದ ರಾಮಪತ್ರೆಯಂಥವು ಆ ಪಟ್ಟಿಯಿಂದ ಸದ್ದಿಲ್ಲದೆ ಬಿಟ್ಟುಹೋಗಿರುತ್ತವೆ. ಆದ್ದರಿಂದ ಎಷ್ಟು ಜಾತಿ ಎಂಬುದರೊಂದಿಗೆ ಯಾವ ಜಾತಿ ಎಂದೂ ಕೇಳಬೇಕು. ನಿತ್ಯಹರಿದ್ವರ್ಣದ ಮರಗಳ ಪಾಲು, ಪಶ್ಚಿಮ ಘಟ್ಟಕ್ಕೆ ಸೀಮಿತವಾದ ಜಾತಿಗಳ ಪಾಲು, ಹೊರಗಿನಿಂದ ಬಂದ ಗಿಡಗಳ ಪಾಲು, ಇವು ಮೂರನ್ನೂ ಶೇಕಡಾವಾರು ಬೇರೆ ಬೇರೆಯಾಗಿ ತೆಗೆಯಿರಿ. ಎರಡು ಜಾಗಗಳ ಹೋಲಿಕೆಗೆ, ಎರಡರಲ್ಲೂ ಇರುವ ಜಾತಿಗಳ ಸಂಖ್ಯೆಯನ್ನು ಇಮ್ಮಡಿಸಿ ಎರಡೂ ಪಟ್ಟಿಗಳ ಮೊತ್ತದಿಂದ ಭಾಗಿಸಿದರೆ ಸಾಕು: ಒಂದರಲ್ಲಿ 30, ಇನ್ನೊಂದರಲ್ಲಿ 24, ಸಮಾನವಾಗಿ 12 ಇದ್ದರೆ ಹೋಲಿಕೆ 0.44.

ಎಲ್ಲಕ್ಕಿಂತ ಹೆಚ್ಚು ಹೇಳುವುದು ಎಳೆಯ ಗಿಡಗಳ ಲೆಕ್ಕ. ಪ್ರತಿ ಜಾತಿಗೂ ದೊಡ್ಡ ಮರ, ಎಳೆಯ ಮರ, ಮೊಳಕೆ ಎಂದು ಮೂರು ಅಂಕಣ ಹಾಕಿ. ಬೇಸಗೆಯಲ್ಲಿ ದರಕು ಗುಡಿಸಿದಾಗ ಎಲೆಯೊಂದಿಗೆ ಬೀಜವೂ ಕೊಟ್ಟಿಗೆ ಸೇರುತ್ತದೆ, ನೆಲ ಬರಿದಾಗಿ ತೇವ ಆರುತ್ತದೆ. ಹುಲ್ಲು ಕೊಯ್ಯುವ ಕತ್ತಿಗೆ ಸಸಿಯ ತುದಿಯೂ ಸಿಗುತ್ತದೆ. ಹೀಗಾಗಿ ದೂರದಿಂದ ಹಸಿರಾಗಿ ಕಾಣುವ ಬೆಟ್ಟದಲ್ಲಿ ಹೊನ್ನೆ, ನಂದಿಗಳ ಮೂರನೆಯ ಅಂಕಣ ಖಾಲಿ ಇದ್ದರೆ, ಈಗಿರುವ ಮರಗಳ ಜಾಗಕ್ಕೆ ಬರುವ ತಲೆಮಾರು ಅಲ್ಲಿಲ್ಲ ಎಂದರ್ಥ. ರಾಮಪತ್ರೆಯ ಬೀಜವಂತೂ ಒಣಗಿದರೆ ಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಇದಕ್ಕೆ ವಿರುದ್ಧವಾಗಿ, ಕಾನಿನ ಪಕ್ಕದಲ್ಲಿದ್ದು ಯಾರೂ ಗುಡಿಸದ ಅಕೇಶಿಯಾ ತೋಪಿನಡಿಯಲ್ಲಿ ಹಕ್ಕಿಗಳು ತಂದುಹಾಕಿದ ಕಾಡುಮರಗಳ ಸಸಿಗಳು ಏಳುವುದೂ ಉಂಟು. ಅದನ್ನೂ ಪ್ರಾಮಾಣಿಕವಾಗಿ ದಾಖಲಿಸಬೇಕು.

ಉಪ್ಪಾಗೆಯಂಥ ಕಾಡುತ್ಪತ್ತಿಯಿರುವಲ್ಲಿ ಕೊಯ್ಲಿನಿಂದ ಮರಗಳಿಗಾದ ಪೆಟ್ಟನ್ನು ಬರೆಯಲು ಇನ್ನೊಂದು ಅಂಕಣ ಸೇರಿಸಿ. ಈ ಹಣ್ಣು ಮಾಗುವುದು ಮಳೆಗಾಲದಲ್ಲಿ. ಅವಸರಕ್ಕೆ ಕೊಂಬೆಯನ್ನೇ ಕಡಿದು ಕೊಯ್ದರೆ ಮರಕ್ಕೆ ಪೆಟ್ಟು. ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕಾದ್ದರಿಂದ ಸೌದೆಗಾಗಿ ಬೇರೆ ಮರಗಳಿಗೂ ಪೆಟ್ಟು.

ಜೌಗು ಜಡ್ಡಿಗಳಲ್ಲಿ ಮಾತ್ರ ಚೌಕ ಹಾಕಿ ತುಳಿದಾಡಬೇಡಿ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಇಂಥ ಜಡ್ಡಿಯಲ್ಲೇ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು ವಿಜ್ಞಾನ ಮೊದಲ ಬಾರಿಗೆ 2000ದಲ್ಲಿ ಗುರುತಿಸಿತು. ಅದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ, ಇರುವ ಮರಗಳೂ ಬಹಳ ವಿರಳ. ಒಂದು ಸಸಿ ತುಳಿತಕ್ಕೆ ಸಿಕ್ಕಿದರೂ ನಷ್ಟ ದೊಡ್ಡದು. ಅಂಥಲ್ಲಿ ಅಂಚಿನಲ್ಲಿ ನಿಂತು ಮರಗಳನ್ನಷ್ಟೇ ಎಣಿಸಿ, ತೋಟ ಗದ್ದೆಗಳಿಗಾಗಿ ಮೇಲಿನ ಹಳ್ಳದ ನೀರನ್ನು ತಿರುಗಿಸಲಾಗಿದೆಯೇ ಎಂದು ನೋಡಿ ಬರೆಯುವುದು ಹೆಚ್ಚು ಉಪಯುಕ್ತ.

ಕೊನೆಯಲ್ಲಿ ಗೆರೆಯ ಎರಡೂ ತುದಿಗಳಲ್ಲಿ ಕಲ್ಲು ನೆಟ್ಟು, ಜಿಪಿಎಸ್ ಅಂಕಿಗಳನ್ನು ಪಟ್ಟಿಯ ಮೇಲೇ ಬರೆದು, ಒಂದು ಪ್ರತಿಯನ್ನು ಜೀವವೈವಿಧ್ಯ ಸಮಿತಿಯ ದಾಖಲಾತಿಗೆ ಸೇರಿಸಬೇಕು. ಸೊಪ್ಪಿನಬೆಟ್ಟದ ಹಕ್ಕುದಾರರು ಒಪ್ಪಿದರೆ ಒಂದು ಚೌಕದಲ್ಲಿ ದರಕು ಗುಡಿಸುವುದನ್ನೂ ಹುಲ್ಲು ಕೊಯ್ಯುವುದನ್ನೂ ನಿಲ್ಲಿಸಿ, ಪಕ್ಕದ ಚೌಕದಲ್ಲಿ ಎಂದಿನಂತೆ ಮುಂದುವರಿಸಲಿ. ಐದು ವರ್ಷದ ನಂತರ ಅದೇ ತಿಂಗಳಿನಲ್ಲಿ ಎರಡರ ಮೊಳಕೆಗಳನ್ನೂ ಮತ್ತೆ ಎಣಿಸಿದರೆ, ಎಷ್ಟು ದರಕನ್ನು ಬೆಟ್ಟದಲ್ಲೇ ಬಿಡಬೇಕು ಎಂಬುದನ್ನು ತೋಟಿಗರೊಂದಿಗೆ ಕುಳಿತು ಅಂಕಿಗಳ ಆಧಾರದ ಮೇಲೆ ಚರ್ಚಿಸಬಹುದು.